ಮಳೆಗಾಲಕ್ಕೊಂದು ಸದ್ದು ಕಡಿಮೆಯ ಜನರೇಟರ್: ಲೆಕ್ಕ ಹಾಕುವುದರಿಂದ ಕೂರಿಸುವವರೆಗೆ

ನಮ್ಮ ಮನೆಗೆ ಬರುವ ಕರೆಂಟ್ ಲೈನು ತೀರ್ಥಹಳ್ಳಿ ಕಡೆಯ ಕಾಡಿನೊಳಗೆ ಮೂರು ಕಿಲೋಮೀಟರ್ ಹಾದು ಬರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಎರಡು ದಿನ, ಕಂಬವೇ ಮುರಿದರೆ ನಾಲ್ಕೈದು ದಿನ ಕತ್ತಲೆ. ಯುಪಿಎಸ್ ಮೊದಲ ರಾತ್ರಿಯೇ ಕೈಕೊಡುತ್ತದೆ. ಹಾಗಾಗಿ ಆರು ವರ್ಷದ ಹಿಂದೆ ಪೇಟೆಯಿಂದ ಒಂದು ಜನರೇಟರ್ ತಂದೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ‘ಸೈಲೆಂಟ್’ ಅಂತಿತ್ತು, ಪಕ್ಕದಲ್ಲಿ 2.5 ಕೆವಿಎ (ಎಷ್ಟು ಭಾರ ಹೊರಬಲ್ಲದು ಎಂಬ ಅಳತೆ; ಒಂದು ಕೆವಿಎ ಎಂದರೆ ಹೆಚ್ಚುಕಡಿಮೆ ಸಾವಿರ ವ್ಯಾಟ್). ರಾತ್ರಿ ಹಗ್ಗ ಎಳೆದು ಚಾಲು ಮಾಡಿದ್ದೇ ಕೊಟ್ಟಿಗೆಯ ದನಗಳು ದಡಬಡ ಎದ್ದು ನಿಂತವು. ಬೆಳಿಗ್ಗೆ ಗದ್ದೆಯಾಚೆಯ ಮನೆಯವರು ಬಂದು, ‘ಜೂನ್‌ನಲ್ಲೂ ಅಡಿಕೆ ಸುಲಿಯೋ ಮಿಷನ್ ಹಾಕಿದ್ರಾ?’ ಅಂದರು. ಇಷ್ಟು ಗದ್ದಲ ಮಾಡಿಯೂ ಬಾವಿಯ ಒಂದು ಎಚ್‌ಪಿ ಪಂಪನ್ನು ಎಬ್ಬಿಸಲು ಅದರ ಕೈಲಾಗಲಿಲ್ಲ. ಪಂಪು ‘ಹೂಂ’ ಎಂದು ಮುಲುಕಿತು, ಜನರೇಟರ್ ಟ್ರಿಪ್ ಆಯಿತು.

ಅದನ್ನು ನಷ್ಟಕ್ಕೆ ಮಾರಿದೆ. ಈಗ ಇರುವುದು ಅದಕ್ಕಿಂತ ಸಣ್ಣದು, 2 ಕೆವಿಎ ಸುಮಾರಿನದು. ಅಂಗಳದಾಚೆ ಓಡುತ್ತಿದ್ದರೆ ಜಗಲಿಯಲ್ಲಿ ಮೆಲುದನಿಯಲ್ಲಿ ಮಾತಾಡಬಹುದು. ನೀರೂ ಏರುತ್ತದೆ. ವ್ಯತ್ಯಾಸ ಮಾಡಿದ್ದು ಮಿಷನ್ ಒಂದೇ ಅಲ್ಲ. ಸದ್ದು ಇಳಿದದ್ದು ಮುಕ್ಕಾಲು ಪಾಲು ಮನೆಯೊಳಗಿನ ಲೆಕ್ಕದಿಂದ. ಯಾವ ಮಿಷನ್ ಎಂಬುದು ಆಮೇಲಿನ ಮಾತು. ಆದ್ದರಿಂದ ಇಲ್ಲಿಯೂ ಅದೇ ಕ್ರಮ.

ಹೆಜ್ಜೆ 1: ಲೋಡ್ ಅಳೆಯಿರಿ

ಅಂಗಡಿಯವರು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಕೆವಿಎ ಬೇಕು?’ ಉತ್ತರ ಗೊತ್ತಿಲ್ಲದೆ ಹೋದರೆ ದೊಡ್ಡದನ್ನೇ ಹಿಡಿಸಿ ಕಳಿಸುತ್ತಾರೆ. ಹೋಗುವ ಮೊದಲು ಎಲೆಕ್ಟ್ರಿಷಿಯನ್ ಹತ್ತಿರ ಒಂದು ಕ್ಲಾಂಪ್ ಮೀಟರ್ (ವೈರನ್ನು ಬಾಯಲ್ಲಿ ಕಚ್ಚಿ ಹಿಡಿದು ಕರೆಂಟ್ ಅಳೆಯುವ ಮೀಟರ್) ಒಂದು ದಿನಕ್ಕೆ ಇಸಿದುಕೊಳ್ಳಿ. ಆರಂಭದ ಹೊಡೆತವನ್ನು ಹಿಡಿದಿಡುವ ‘ಇನ್‌ರಶ್’ ಬಟನ್ ಇರುವಂಥದ್ದಾದರೆ ಒಳ್ಳೆಯದು. ಫೇಸ್ ವೈರ್ ಒಂದನ್ನೇ ಕ್ಲಾಂಪಿನ ಬಾಯೊಳಗೆ ಹಾಕಬೇಕು. ಎರಡೂ ವೈರ್ ಒಟ್ಟಿಗೆ ಹಾಕಿದರೆ ಸೊನ್ನೆ ತೋರಿಸುತ್ತದೆ.

ನಮ್ಮ ಪಂಪಿಗೆ ಹಿಡಿದಾಗ ಸ್ವಿಚ್ ಹಾಕಿದ ಗಳಿಗೆ ಮೀಟರಿನಲ್ಲಿ 34 ಆಂಪಿಯರ್ ಬಂತು, ಕಣ್ಣು ಮಿಟುಕಿಸುವಷ್ಟರಲ್ಲಿ 6.5ಕ್ಕೆ ಇಳಿಯಿತು. ಮೋಟಾರುಗಳ ಹಣೆಬರಹವೇ ಅಷ್ಟು. ಓಡುವಾಗ ಎಳೆಯುವುದಕ್ಕಿಂತ ಐದಾರು ಪಟ್ಟು ಕರೆಂಟನ್ನು ಎದ್ದೇಳುವಾಗ ಎಳೆಯುತ್ತವೆ. ಆ ಒಂದು ಕ್ಷಣಕ್ಕಾಗಿ ನಾವು ದೊಡ್ಡ ಜನರೇಟರ್ ಕೊಂಡು, ಉಳಿದ ಹೊತ್ತೆಲ್ಲ ಅದರ ಸದ್ದು ತಿನ್ನುತ್ತೇವೆ.

ಉಳಿದವುಗಳ ಅಂದಾಜು: ಎಲ್‌ಇಡಿ ಬಲ್ಬು 9 ವ್ಯಾಟ್, ಹಳೆಯ ಸೀಲಿಂಗ್ ಫ್ಯಾನ್ 75, ಕಡಿಮೆ ಕರೆಂಟ್ ಎಳೆಯುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು, ವೈಫೈ ಪೆಟ್ಟಿಗೆ 10, ಲ್ಯಾಪ್‌ಟಾಪ್ 65, ಫ್ರಿಜ್ 150ರಿಂದ 200, ಮಿಕ್ಸಿ 500ರಿಂದ 750. ಗೀಸರ್, ಇಂಡಕ್ಷನ್ ಒಲೆ, ಇಸ್ತ್ರಿ ಪೆಟ್ಟಿಗೆ ಪಟ್ಟಿಯಿಂದ ಹೊರಗೆ. ಬಚ್ಚಲ ಹಂಡೆ ಇರುವ ಮನೆಯಲ್ಲಿ ಜನರೇಟರಿನಿಂದ ನೀರು ಕಾಯಿಸುವವನಿಗೆ ಏನು ಹೇಳುವುದು!

ಎಲ್ಲವನ್ನೂ ಕೂಡಿಸಿ ಬರುವ ಮೊತ್ತ ಮುಖ್ಯವಲ್ಲ. ಒಂದೇ ಹೊತ್ತಿಗೆ ಯಾವ್ಯಾವುದು ಓಡಬೇಕು, ಅದರ ಮೇಲೆ ಯಾವ ಒಂದು ಮೋಟಾರು ಎದ್ದೇಳಬೇಕು ಎಂಬ ಲೆಕ್ಕ ಸಾಕು.

ಹೆಜ್ಜೆ 2: ಜನರೇಟರ್ ಹಿಗ್ಗಿಸುವ ಮೊದಲು ಲೋಡ್ ಕುಗ್ಗಿಸಿ

ಹೆಚ್ಚಿನ ಮನೆಗಳಲ್ಲಿ ಲೆಕ್ಕ ಕೆಡಿಸುವುದು ಪಂಪೊಂದೇ. ಒಂದು ಎಚ್‌ಪಿ ಪಂಪಿಗಾಗಿ ಸಾಮಾನ್ಯವಾಗಿ 3 ಕೆವಿಎ ಮಿಷನ್ ಬೇಕಾಗುತ್ತದೆ. ಪಂಪು ಬಿಟ್ಟರೆ ಬಹಳಷ್ಟು ಮನೆಗಳಿಗೆ ಒಂದು, ಒಂದೂವರೆ ಕೆವಿಎ ಧಾರಾಳ. ನಾನು ಮಾಡಿದ್ದಿಷ್ಟು: ಬಾವಿಗೆ ಅರ್ಧ ಎಚ್‌ಪಿಯ ಇನ್ನೊಂದು ಪಂಪು ಇಳಿಸಿದೆ. ಟ್ಯಾಂಕ್ ತುಂಬಲು ಇಪ್ಪತ್ತು ನಿಮಿಷದ ಬದಲು ನಲವತ್ತು ನಿಮಿಷ ಹಿಡಿಯುತ್ತದೆ, ಹಿಡಿಯಲಿ. ಒಂದು ಹಂತ ದೊಡ್ಡ ಜನರೇಟರಿಗೆ ಕೊಡಬೇಕಾದ ಹೆಚ್ಚುವರಿ ದುಡ್ಡಿನ ಮುಂದೆ ಆ ಪಂಪಿನ ಬೆಲೆ ಏನೂ ಅಲ್ಲ. ಗುಡ್ಡದಿಂದ ಅಬ್ಬಿ ನೀರು ಇಳಿದು ಬರುವ ಮನೆಯವರು ಪುಣ್ಯವಂತರು, ಈ ಹೆಜ್ಜೆಯನ್ನೇ ದಾಟಿ ಮುಂದೆ ಹೋಗಬಹುದು. ಬೋರ್‌ವೆಲ್ಲಿನ ದೊಡ್ಡ ಸಬ್‌ಮರ್ಸಿಬಲ್ ಇರುವವರಿಗೆ ಹೊತ್ತೊಯ್ಯುವ ಜನರೇಟರ್ ದಾರಿಯೇ ಅಲ್ಲ. ಅವರು ಟ್ಯಾಂಕ್ ಇನ್ನೊಂದು ಕೂರಿಸುವುದು ವಾಸಿ.

ಫ್ರಿಜ್‌ನಲ್ಲಿ ಇನ್ವರ್ಟರ್ ಕಂಪ್ರೆಸರ್ ಇದ್ದರೆ ಅದು ಮೆಲ್ಲಗೆ ಎದ್ದೇಳುತ್ತದೆ, ಚಿಂತೆಯಿಲ್ಲ. ಹಳೆಯ ಫ್ರಿಜ್ ಆದರೆ ಅದನ್ನೂ ಒಂದು ಸಣ್ಣ ಪಂಪೆಂದೇ ತಿಳಿಯಿರಿ.

ಹೆಜ್ಜೆ 3: ಯುಪಿಎಸ್ ಜೊತೆ ಜೋಡಿ ಮಾಡಿ

ಈ ಬರಹದಲ್ಲಿ ಒಂದೇ ಒಂದನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ರಾತ್ರಿ ಹತ್ತರ ಮೇಲೆ ನಿಜವಾಗಿ ನಿಶ್ಶಬ್ದವಾಗಿರುವ ಜನರೇಟರ್ ಎಂದರೆ ಬಂದ್ ಆಗಿರುವ ಜನರೇಟರ್. ಮನೆಯಲ್ಲಿ ಹೇಗೂ ಯುಪಿಎಸ್ ಇದೆ. ಸಂಜೆ ಎರಡು ಮೂರು ಗಂಟೆ ಜನರೇಟರ್ ಓಡಿಸಿ ಅದರ ಬ್ಯಾಟರಿ ತುಂಬಿಸಿಟ್ಟರೆ ರಾತ್ರಿ ಬ್ಯಾಟರಿ ನೋಡಿಕೊಳ್ಳುತ್ತದೆ.

ಲೆಕ್ಕ ಇಲ್ಲಿದೆ. ಮಾಮೂಲಿ 150 ಆಂಪಿಯರ್-ಅವರ್ ಬ್ಯಾಟರಿಗೆ ಯುಪಿಎಸ್ 15 ಆಂಪಿಯರ್‌ನಲ್ಲಿ ಚಾರ್ಜ್ ಕೊಡುತ್ತದೆ ಅಂತಿಟ್ಟುಕೊಳ್ಳಿ. ಮೂರು ಗಂಟೆಗೆ 45 ಆಂಪಿಯರ್-ಅವರ್. 12 ವೋಲ್ಟ್‌ನಿಂದ ಗುಣಿಸಿದರೆ 540 ವ್ಯಾಟ್-ಅವರ್. ಸೋರಿಕೆಯೆಲ್ಲ ಕಳೆದು ಕೈಗೆ ಸಿಗುವುದು 400ರಷ್ಟು. ನಾಲ್ಕು ಎಲ್‌ಇಡಿ ಬಲ್ಬು, ಒಂದು ಬಿಎಲ್‌ಡಿಸಿ ಫ್ಯಾನು, ವೈಫೈ ಸೇರಿ 76 ವ್ಯಾಟ್. ಅಂದರೆ ಐದು ಗಂಟೆ. ಮಲಗಿದ ಮೇಲೆ ಬಲ್ಬು ಆರಿಸಿದರೆ ಫ್ಯಾನು ಬೆಳಗಿನವರೆಗೂ ತಿರುಗುತ್ತದೆ. ಲೆಡ್-ಆಸಿಡ್ ಬ್ಯಾಟರಿ ಪೂರ್ತಿ ತುಂಬಲು ಹತ್ತು ಗಂಟೆಗೂ ಹೆಚ್ಚು ಬೇಕು, ಅದನ್ನು ಜನರೇಟರಿನಿಂದ ಮಾಡಲು ಹೋಗಬೇಡಿ. ಲೈನ್ ಬಂದಾಗ ತುಂಬಿಕೊಳ್ಳಲಿ.

ಆ ಮೂರು ಗಂಟೆಯಲ್ಲಿ ಜನರೇಟರಿನ ಮೇಲಿರುವ ಭಾರ ನೋಡಿ: ಯುಪಿಎಸ್ ಚಾರ್ಜರ್ 280 ವ್ಯಾಟ್, ಫ್ರಿಜ್ 150, ಒಂದಿಷ್ಟು ದೀಪ. ಒಟ್ಟು 450ರಿಂದ 500. 2 ಕೆವಿಎ ಮಿಷನ್ನಿಗೆ ಇದು ಕಾಲು ಲೋಡು. ಈ ಕಾಲು ಲೋಡೆಂಬ ಮಾತು ಮುಂದೆ ಕೆಲಸಕ್ಕೆ ಬರುತ್ತದೆ.

ಸೋಲಾರ್ ಯಾಕಾಗಬಾರದು ಅಂತ ಕೇಳುವವರಿಗೆ: ಬಯಲುಸೀಮೆಯಲ್ಲಿ ಆಗಬಹುದು. ಆಗುಂಬೆಯ ಮಗ್ಗುಲಲ್ಲಿ ಜುಲೈ ತಿಂಗಳು ಸೂರ್ಯನ ಮೇಲೆ ಭರವಸೆ ಇಡುವವರು ಬಟ್ಟೆ ಒಣಗಿಸಿ ತೋರಿಸಲಿ, ಆಮೇಲೆ ಮಾತಾಡೋಣ.

ಹೆಜ್ಜೆ 4: ಮಿಷನ್ನಿನ ಜಾತಿ ತಿಳಿಯಿರಿ

ನಮ್ಮಲ್ಲಿ ಯುಪಿಎಸ್‌ಗೂ ಇನ್ವರ್ಟರ್ ಅನ್ನುತ್ತಾರೆ, ಹಾಗಾಗಿ ಗೊಂದಲವಾಗುತ್ತದೆ. ‘ಇನ್ವರ್ಟರ್ ಜನರೇಟರ್’ ಬೇರೆಯೇ ಪ್ರಾಣಿ.

ಹಳೆಯ ಬಗೆಯದರಲ್ಲಿ ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತದೋ ಕರೆಂಟಿನ ಆವರ್ತನ (ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಎಂಬುದು, ಹರ್ಟ್ಸ್ ಲೆಕ್ಕದಲ್ಲಿ) ಅದಕ್ಕೆ ಅಂಟಿಕೊಂಡಿರುತ್ತದೆ. 50 ಹರ್ಟ್ಸ್ ಬೇಕೆಂದರೆ ಎಂಜಿನ್ ನಿಮಿಷಕ್ಕೆ 3000 ಸುತ್ತು ಸುತ್ತಲೇಬೇಕು, ಉರಿಯುತ್ತಿರುವುದು ಒಂದೇ ಬಲ್ಬಾದರೂ ಸರಿ. ನನ್ನ ಮೊದಲ ಜನರೇಟರ್ ರಾತ್ರಿಯಿಡೀ ಅರಚಿದ್ದು ಇದಕ್ಕೇ. ಇನ್ವರ್ಟರ್ ಬಗೆಯದರಲ್ಲಿ ಎಂಜಿನ್ ಹುಟ್ಟಿಸಿದ ಕರೆಂಟನ್ನು ಮೊದಲು ಡಿಸಿ ಮಾಡಿ, ಎಲೆಕ್ಟ್ರಾನಿಕ್ಸ್ ಮೂಲಕ ಮತ್ತೆ ಅಚ್ಚುಕಟ್ಟಾದ 230 ವೋಲ್ಟ್, 50 ಹರ್ಟ್ಸ್ ಎಸಿ ಮಾಡುತ್ತಾರೆ. ಎಂಜಿನ್ನಿಗೂ ಆವರ್ತನಕ್ಕೂ ಸಂಬಂಧ ಕಡಿದುಹೋಯಿತು. ಲೋಡ್ ಕಡಿಮೆಯಾದರೆ ಎಂಜಿನ್ ವೇಗವೂ ಇಳಿಯುತ್ತದೆ, ಅದರೊಂದಿಗೆ ಸದ್ದೂ ಪೆಟ್ರೋಲೂ. ‘ಇಕೋ’ ಎಂಬ ಸ್ವಿಚ್ ಮಾಡುವುದು ಇದನ್ನೇ. ಪಂಪು ಹಾಕುವ ಮುಂಚೆ ಮಾತ್ರ ಇಕೋ ಬಂದ್ ಮಾಡಿ. ಮಂಪರಿನಲ್ಲಿರುವ ಎಂಜಿನ್ ಆ ಹೊಡೆತಕ್ಕೆ ಎದ್ದೇಳುವಷ್ಟರಲ್ಲಿ ಟ್ರಿಪ್ ಆಗಿರುತ್ತದೆ.

ಇನ್ನೊಂದು ಲಾಭ ಯುಪಿಎಸ್‌ನದು. ಹಳೆಯ ಬಗೆಯ ಜನರೇಟರಿನ ಕರೆಂಟು ಏರಿಳಿಯುತ್ತಿದ್ದರೆ ಎಷ್ಟೋ ಯುಪಿಎಸ್‌ಗಳು ‘ಇದು ಮೇನ್ಸ್ ಅಲ್ಲ’ ಎಂದು ಚಾರ್ಜ್ ಮಾಡಲು ಒಪ್ಪುವುದೇ ಇಲ್ಲ. ಹಿಂದುಗಡೆ ಇರುವ ಸ್ವಿಚ್ಚನ್ನು ಯುಪಿಎಸ್ ಕಡೆಯಿಂದ ಇನ್ವರ್ಟರ್ ಕಡೆಗೆ ತಳ್ಳಿದರೆ ಕೆಲವು ಸುಧಾರಿಸಿಕೊಳ್ಳುತ್ತವೆ. ಇನ್ವರ್ಟರ್ ಜನರೇಟರಿನಲ್ಲಿ ಈ ರಗಳೆ ನಾನು ಕಂಡಿಲ್ಲ.

ಬೆಲೆ? ಅಷ್ಟೇ ಕೆವಿಎಯ ಹಳೆಯ ಬಗೆಯದಕ್ಕಿಂತ ಗಣನೀಯವಾಗಿ ಜಾಸ್ತಿ. ಅದಕ್ಕೇ ಹೆಜ್ಜೆ 2 ಮೊದಲು ಬಂದದ್ದು. ಡೀಸೆಲ್‌ನಲ್ಲಿ ಹೊತ್ತೊಯ್ಯುವ, ಸದ್ದಿಲ್ಲದ ಮಿಷನ್ ಎಂಬುದು ಆಸೆ ಅಷ್ಟೆ. ಅಡುಗೆಯ ಸಿಲಿಂಡರಿಗೆ ಜೋಡಿಸುವ ಕಿಟ್‌ಗಳ ತಂಟೆಗೂ ಹೋಗಬೇಡಿ.

ಹೆಜ್ಜೆ 5: ಡೆಸಿಬೆಲ್ ಓದುವುದು

ಬ್ರೋಷರಿನ ಡೆಸಿಬೆಲ್ ಅಂಕಿಯ ಜೊತೆ ಎರಡು ವಿಷಯ ಕೇಳಿ: ಎಷ್ಟು ದೂರದಲ್ಲಿ ಅಳೆದದ್ದು, ಎಷ್ಟು ಲೋಡಿನಲ್ಲಿ? ಒಳ್ಳೆಯ ಕಂಪನಿಗಳು 7 ಮೀಟರ್ ದೂರ ಎಂದು ಬರೆದಿರುತ್ತವೆ. 2 ಕೆವಿಎ ಸುಮಾರಿನ ಒಳ್ಳೆಯ ಇನ್ವರ್ಟರ್ ಮಿಷನ್ ಕಾಲು ಲೋಡಿನಲ್ಲಿ ಅಷ್ಟು ದೂರಕ್ಕೆ 50ರ ಆಸುಪಾಸು ಕೇಳುತ್ತದೆ, ಪೂರ್ತಿ ಲೋಡಿನಲ್ಲಿ 57ರಿಂದ 60. ಜಾಹೀರಾತಿನಲ್ಲಿ ಕಾಣುವುದು ಕಾಲು ಲೋಡಿನ ಅಂಕಿ. ಅದು ಸುಳ್ಳಲ್ಲ, ಆದರೆ ನಿಮ್ಮ ಮನೆಯ ಲೋಡೂ ಕಾಲು ಭಾಗದಷ್ಟೇ ಇದ್ದರೆ ಮಾತ್ರ ನಿಮ್ಮ ಪಾಲಿಗೆ ನಿಜ. ಹೆಜ್ಜೆ 3ರಲ್ಲಿ ನಾವು ಮಾಡಿಕೊಂಡದ್ದು ಅದನ್ನೇ.

ಇನ್ನು ಮಿಷನ್ನಿನ ಮೈಮೇಲಿನ ಚೀಟಿಯಲ್ಲಿ 86 ಎಂದು ಕಂಡರೆ ಗಾಬರಿ ಬೇಡ. ಪೆಟ್ರೋಲ್, ಸೀಮೆಎಣ್ಣೆ ಜನರೇಟರುಗಳಿಗೆ ನಮ್ಮ ದೇಶದ ಮಾಲಿನ್ಯ ನಿಯಮ ಇಟ್ಟಿರುವ ಮಿತಿ 86 ಡೆಸಿಬೆಲ್. ಅದು ಮಿಷನ್ ಒಟ್ಟಾರೆ ಹೊರಹಾಕುವ ಶಬ್ದಶಕ್ತಿಯ ಅಳತೆ. ಬಯಲಲ್ಲಿ 7 ಮೀಟರ್ ದೂರದಲ್ಲಿ ನಿಂತ ಕಿವಿಗೆ ಅದು ಸುಮಾರು 61 ಆಗಿ ಬರುತ್ತದೆ. ಒಂದು ಅಂಗಡಿಯ 86ನ್ನು ಇನ್ನೊಂದು ಅಂಗಡಿಯ 52ರ ಜೊತೆ ಹೋಲಿಸಿದರೆ ಮೋಸ ಹೋಗುತ್ತೀರಿ.

ಡೆಸಿಬೆಲ್ ಲೆಕ್ಕ ಕೂಡುವ ಲೆಕ್ಕವಲ್ಲ. 10 ಹೆಚ್ಚಾದರೆ ಕಿವಿಗೆ ಸುಮಾರು ಎರಡರಷ್ಟು ಜೋರು. ದೂರ ಎರಡರಷ್ಟಾದಾಗಲೆಲ್ಲ 6 ಇಳಿಯುತ್ತದೆ. ವಸತಿ ಪ್ರದೇಶಕ್ಕೆ ನಿಯಮದ ಮಿತಿ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45. ಹಾಗಾದರೆ 7 ಮೀಟರಿಗೆ 50 ಇರುವ ಮಿಷನ್ನು 14 ಮೀಟರಿಗೇ 44ಕ್ಕೆ ಬಂತು. 61ರದ್ದು 45ಕ್ಕೆ ಇಳಿಯಲು ನಲವತ್ತು ಮೀಟರಿಗಿಂತ ಹೆಚ್ಚು ಬೇಕು. ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿನಲ್ಲಿ ಅಷ್ಟು ಜಾಗ ಎಲ್ಲಿದೆ?

ಹೆಜ್ಜೆ 6: ಅಂಗಡಿಯಲ್ಲಿ

ಮನೆಯಿಂದ 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ತೆಗೆದುಕೊಂಡು ಹೋಗಿ. ಅಂಗಡಿಯವನು ನಗಬಹುದು, ನಗಲಿ. ಖಾಲಿ ಓಡಿಸಿ ತೋರಿಸಿದ ಜನರೇಟರ್ ಎಲ್ಲವೂ ಮೆತ್ತಗೇ ಇರುತ್ತದೆ. ಇಸ್ತ್ರಿ ಪೆಟ್ಟಿಗೆ ಹಾಕಿಸಿ, ದೊಡ್ಡ ಹೆಜ್ಜೆಯಲ್ಲಿ ಹತ್ತು ಹೆಜ್ಜೆ ಹಿಂದೆ ಹೋಗಿ ನಿಂತು ಕೇಳಿ. ಮೊಬೈಲಿನ ಡೆಸಿಬೆಲ್ ಆ್ಯಪ್ ನಿಖರವಲ್ಲ, ಆದರೆ ಅದೇ ಮೊಬೈಲಿನಲ್ಲಿ ಎರಡು ಮಿಷನ್ ಹೋಲಿಸಲು ಸಾಕು. ರಸ್ತೆಬದಿಯಲ್ಲಿ ಬಸ್ಸು ಲಾರಿಗಳ ನಡುವೆ ಕೇಳಿದರೆ ಎಲ್ಲವೂ ಸೈಲೆಂಟೇ. ಹಿತ್ತಲಿಗೆ ಒಯ್ಯಿಸಿ.

‘ಮ್ಯಾಕ್ಸ್’ ಎಂದು ಬರೆದ ಕೆವಿಎ ಬಿಟ್ಟು ‘ರೇಟೆಡ್’ ಎಂದು ಬರೆದದ್ದನ್ನು ನೋಡಿ. ಮ್ಯಾಕ್ಸ್ ಎಂಬುದು ಸ್ವಲ್ಪ ಹೊತ್ತಿನ ಪೌರುಷ. ಮಡಿಕೇರಿಯಂಥ ಸಾವಿರ ಮೀಟರ್ ಮೇಲಿನ ಊರಿನವರು ಇನ್ನೂ ಹತ್ತು ಹನ್ನೆರಡು ಶೇಕಡಾ ಕಳೆಯಬೇಕು. ತೆಳುವಾದ ಗಾಳಿಯಲ್ಲಿ ಎಂಜಿನ್ 300 ಮೀಟರಿಗೆ ಮೂರೂವರೆ ಶೇಕಡಾದಷ್ಟು ಬಲ ಕಳೆದುಕೊಳ್ಳುತ್ತದೆ.

ತೂಕ ಎತ್ತಿ ನೋಡಿ. ಹೋಂಡಾದ ಇಯು22ಐ ಬಗೆಯದು ಸುಮಾರು 21 ಕೆಜಿ, ಟ್ಯಾಂಕು 3.6 ಲೀಟರ್. ಒಬ್ಬರೇ ಎತ್ತಬಹುದು. 3 ಕೆವಿಎಗೆ ಹೋದರೆ ಕೆಲವು 60 ಕೆಜಿಯ ಹತ್ತಿರ, ಚಕ್ರವಿದ್ದರೂ ಕೆಸರಲ್ಲಿ ಎಳೆದವರಿಗೇ ಗೊತ್ತು. ಕೊನೆಯ ಪರೀಕ್ಷೆ ಎಲ್ಲಕ್ಕಿಂತ ದೊಡ್ಡದು: ನೀವು ಊರಲ್ಲಿಲ್ಲದಾಗ ಅದನ್ನು ಚಾಲು ಮಾಡುವವರು ಯಾರೋ ಅವರೇ ಅಂಗಡಿಯಲ್ಲಿ ಹಗ್ಗ ಎಳೆಯಬೇಕು. ನಾನು ಅಮ್ಮನನ್ನು ಕರೆದೊಯ್ದಿದ್ದೆ. ಒಂದು ಮಿಷನ್ನಿಗೆ ನಾಲ್ಕು ಸಲ ಎಳೆದು ಸೆರಗು ಸಿಕ್ಕಿಸಿಕೊಂಡು ‘ಬ್ಯಾಡ’ ಅಂದರು. ಇನ್ನೊಂದು ಎರಡನೇ ಎಳೆತಕ್ಕೆ ಎದ್ದಿತು. ಬಂದದ್ದು ಅದೇ.

ಹೆಜ್ಜೆ 7: ಎಲ್ಲಿ ಇಡುವುದು

ಇಲ್ಲಿ ಸದ್ದಿಗಿಂತ ಮೊದಲು ಜೀವದ ಮಾತು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಳೆ ಜೋರು ಎಂದು ಜಗಲಿಯ ಮೂಲೆಗೋ ಕೊಟ್ಟಿಗೆಗೋ ಸೌದೆಮನೆಗೋ ಎಳೆದುಕೊಂಡರೆ ಮಲಗಿದವರು ಏಳುವುದಿಲ್ಲ. ಕಿಟಕಿ ತೆರೆದಿದೆ ಎಂಬುದು ಸಮಾಧಾನವಲ್ಲ. ಮನೆಯಿಂದ ಕನಿಷ್ಠ 6 ಮೀಟರ್ ಆಚೆ, ಹೊಗೆ ಕೊಳವೆ ಮನೆಗೆ ಬೆನ್ನು ಹಾಕಿರಬೇಕು. ಮುಂಗಾರಿನ ಗಾಳಿ ಪಡುವಣದಿಂದ ಬೀಸುತ್ತದೆ, ಆದ್ದರಿಂದ ಮನೆಯ ಮೂಡು ದಿಕ್ಕಿಗೆ ಇಟ್ಟರೆ ಹೊಗೆಯೂ ಸದ್ದೂ ಆಚೆಗೇ ಹೋಗುತ್ತವೆ. ಮಲಗುವ ಕೋಣೆಯಲ್ಲಿ ಬ್ಯಾಟರಿಯ ಒಂದು ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಡಿ.

ನಮ್ಮದು ಮನೆಯಿಂದ 15 ಮೀಟರ್ ದೂರದಲ್ಲಿ ಚಿರೆಕಲ್ಲಿನ ಒಂದು ಕಟ್ಟೆ. ಮೇಲೆ ನಾಲ್ಕು ಕಂಬ, ಒಂದು ತಗಡು, ಸುತ್ತ ಬಟ್ಟಂಬಯಲು. ಅಡಿಕೆ ಸೋಗೆ ಹೊದಿಸಬೇಡಿ, ಕೆಳಗಿರುವುದು ಪೆಟ್ರೋಲು. ಮಿಷನ್ನಿನಡಿಗೆ ಕೊಟ್ಟಿಗೆಯಲ್ಲಿ ದನಕ್ಕೆ ಹಾಸುವ ದಪ್ಪ ರಬ್ಬರ್ ಮ್ಯಾಟಿನ ತುಂಡು ಹಾಕಿದ್ದೇನೆ. ಕಲ್ಲಿನ ಮೇಲೆ ಗಡಗಡ ಎನ್ನುತ್ತಿದ್ದದ್ದು ಅಂದೇ ನಿಂತಿತು. ಮನೆಯ ಕಡೆಗೆ ಮಿಷನ್ನಿನಿಂದ ಮೂರಡಿ ಬಿಟ್ಟು ಎದೆಮಟ್ಟದ ಒಂದು ಕಲ್ಲುಗೋಡೆ. ಕಣ್ಣಿಗೆ ಮಿಷನ್ ಕಾಣದಂತೆ ಮಾಡುವ ಗಟ್ಟಿ ಗೋಡೆ ಒಂದೇ ಐದರಿಂದ ಹತ್ತು ಡೆಸಿಬೆಲ್ ನುಂಗುತ್ತದೆ. ಎರಡು ಗೋಡೆ ಕೂಡುವ ಮೂಲೆಗೆ ಮಾತ್ರ ತಳ್ಳಬೇಡಿ, ಸದ್ದು ಅಲ್ಲಿ ತಟ್ಟಿ ಇಮ್ಮಡಿಸುತ್ತದೆ. ಮುಚ್ಚಿದ ಪೆಟ್ಟಿಗೆ ಮಾಡಿಸುವ ಯೋಚನೆಯೂ ಬೇಡ; ಎಂಜಿನ್ ಬೆಂದುಹೋಗುತ್ತದೆ.

ದೂರ ಇಟ್ಟರೆ ವೈರಿನಲ್ಲಿ ವೋಲ್ಟೇಜ್ ಇಳಿಯುವುದಿಲ್ಲವೇ? 2.5 ಚದರ ಮಿಲಿಮೀಟರಿನ ತಾಮ್ರದ ವೈರು, 15 ಮೀಟರ್ ದೂರ, 8 ಆಂಪಿಯರ್ ಕರೆಂಟು: ಇಳಿಯುವುದು ಎರಡು ವೋಲ್ಟಿಗಿಂತ ಕಡಿಮೆ. ಸದ್ದು ಇಳಿಸಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ.

ಹೆಜ್ಜೆ 8: ಮನೆಗೆ ಜೋಡಿಸುವುದು

ಎರಡೂ ತುದಿಗೆ ಪ್ಲಗ್ ಇರುವ ವೈರು ಮಾಡಿ ಗೋಡೆಯ ಸಾಕೆಟ್ಟಿಗೆ ಚುಚ್ಚುವ ‘ಐಡಿಯಾ’ ಹಳ್ಳಿಗೊಬ್ಬರಿಗೆ ಹೊಳೆದಿರುತ್ತದೆ. ಮೇನ್ ಸ್ವಿಚ್ ಆರಿಸಲು ಒಂದು ದಿನ ಮರೆತರೆ ನಿಮ್ಮ 230 ವೋಲ್ಟ್ ತಂತಿ ಹಿಡಿದು ಹಿಂದಕ್ಕೆ ಹೋಗಿ, ಅದೇ ಟ್ರಾನ್ಸ್‌ಫಾರ್ಮರಿನಲ್ಲಿ 11 ಸಾವಿರ ವೋಲ್ಟಿಗೆ ಏರಬಹುದು. ಆ ಹೊತ್ತಿನಲ್ಲಿ ಮಳೆಯಲ್ಲಿ ನೆನೆಯುತ್ತ ಕಂಬ ಹತ್ತಿರುವವನು ನಿಮ್ಮ ಮನೆಗೇ ಕರೆಂಟ್ ಕೊಡಲು ಬಂದ ಲೈನ್‌ಮ್ಯಾನ್. ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಚೇಂಜ್‌ಓವರ್ ಸ್ವಿಚ್ (ಲೈನು, ಜನರೇಟರ್ ಎರಡರಲ್ಲಿ ಒಂದನ್ನೇ ಮನೆಗೆ ಜೋಡಿಸುವ ಸ್ವಿಚ್) ಹಾಕಿಸಿ. ಅಷ್ಟು ಖರ್ಚು ಬೇಡವೆಂದರೆ ಎಕ್ಸ್‌ಟೆನ್ಷನ್ ವೈರಿನಲ್ಲಿ ಫ್ರಿಜ್, ಯುಪಿಎಸ್‌ಗೆ ನೇರ ಕೊಡಿ, ಮನೆ ವೈರಿಂಗ್ ಮುಟ್ಟಬೇಡಿ.

ಎಲೆಕ್ಟ್ರಿಷಿಯನ್ನಿಗೆ ಇನ್ನೊಂದು ಮಾತು ಹೇಳಿ. ಈ ಸಣ್ಣ ಮಿಷನ್ನುಗಳಲ್ಲಿ ನ್ಯೂಟ್ರಲ್ ಸಾಮಾನ್ಯವಾಗಿ ನೆಲಕ್ಕೆ ಸೇರಿರುವುದಿಲ್ಲ. ಟೆಸ್ಟರ್ ಹಾಕಿದರೆ ಎರಡೂ ತೂತಿನಲ್ಲಿ ಮಂಕಾಗಿ ಉರಿಯುತ್ತದೆ. ಹಾಗೇ ಬಿಟ್ಟರೆ ಶಾಕ್ ಹೊಡೆದಾಗ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಬೀಳದೆ ಇರಬಹುದು. ಮಿಷನ್ನಿನ ಪುಸ್ತಕ ನೋಡಿ ಅರ್ತಿಂಗ್ ಸರಿಮಾಡುವುದು ತಿಳಿದವರ ಕೆಲಸ, ನಮ್ಮದಲ್ಲ.

ಹೆಜ್ಜೆ 9: ಪೆಟ್ರೋಲು, ಆಯಿಲು, ಆಮೇಲಿನ ಒಂಬತ್ತು ತಿಂಗಳು

ಜನರೇಟರ್ ಕೆಡುವುದು ಓಡಿ ಅಲ್ಲ, ಓಡದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್. ಅದು ಗಾಳಿಯ ತೇವ ಹೀರುತ್ತದೆ. ಮಲೆನಾಡಿನ ಗಾಳಿಯಲ್ಲಿ ತೇವಕ್ಕೇನು ಬರ. ಸೆಪ್ಟೆಂಬರಿನಲ್ಲಿ ಹಾಗೇ ಬಿಟ್ಟ ಮಿಷನ್ ಮುಂದಿನ ಜೂನಿನಲ್ಲಿ ಹಗ್ಗ ಎಳೆದು ತೋಳು ಬಿದ್ದುಹೋದರೂ ಏಳುವುದಿಲ್ಲ. ಕಾರ್ಬುರೇಟರ್ ಬಿಚ್ಚಿದರೆ ಹಸಿರುಗಟ್ಟಿದ ಅಂಟು. ಮಳೆಗಾಲ ಮುಗಿದ ಕೂಡಲೇ ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರಿನಲ್ಲಿ ಉಳಿದದ್ದನ್ನು ಅದರಡಿಯ ಸ್ಕ್ರೂ ಸಡಿಲಿಸಿ ಇಳಿಸಿ. ಇಲ್ಲವೇ ತಿಂಗಳಿಗೊಮ್ಮೆ ಹೊಸ ಪೆಟ್ರೋಲು ಹಾಕಿ ಲೋಡಿನೊಂದಿಗೆ ಇಪ್ಪತ್ತು ನಿಮಿಷ ಓಡಿಸಿ.

ಮೊದಲ ಆಯಿಲ್ ಬದಲಾವಣೆ 20 ಗಂಟೆಗೆ, ಆಮೇಲೆ 100 ಗಂಟೆಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ. ಪೆಟ್ರೋಲನ್ನು ಲೋಹದ ಕ್ಯಾನಿನಲ್ಲೇ ಇಡಿ. ಮಾರಾಟಕ್ಕಲ್ಲದ 30 ಲೀಟರಿನವರೆಗೆ ಲೈಸೆನ್ಸ್ ಬೇಡ ಎನ್ನುತ್ತದೆ ಕಾನೂನು, ಆದರೆ ಮನೆಯೊಳಗೆ ಹತ್ತು ಲೀಟರೂ ಹೆಚ್ಚೇ. ಓಡುತ್ತಿರುವ ಮಿಷನ್ನಿಗೆ ಎಂದೂ ಪೆಟ್ರೋಲು ಸುರಿಯಬೇಡಿ. ಆರಿಸಿ, ಹತ್ತು ನಿಮಿಷ ತಣಿಯಲು ಬಿಟ್ಟು ಹಾಕಿ.

ಲೈನ್ ಇಲ್ಲದ ದಿನ ನಮ್ಮ ಮನೆಯ ಪಾಳಿ ಹೀಗೆ: ಬೆಳಿಗ್ಗೆ ಏಳಕ್ಕೆ ಇಕೋ ಬಂದ್ ಮಾಡಿ ನಲವತ್ತು ನಿಮಿಷ ಪಂಪು, ಅದು ನಿಂತ ಮೇಲೆ ಚಟ್ನಿಗೆ ಮಿಕ್ಸಿ, ಒಂದು ಗಂಟೆ ಫ್ರಿಜ್. ಸಂಜೆ ಐದೂವರೆಗೆ ಇಕೋ ಹಾಕಿ ಯುಪಿಎಸ್, ಫ್ರಿಜ್, ಎಲ್ಲರ ಮೊಬೈಲು. ಎಂಟೂವರೆಗೆ ಬಂದ್. ಇಷ್ಟಕ್ಕೆ ದಿನಕ್ಕೆ ಮೂರು ಲೀಟರ್ ಪೆಟ್ರೋಲು ಸಾಕಾಗಿ ಸ್ವಲ್ಪ ಉಳಿಯುತ್ತದೆ. ಎಂಟೂವರೆ ಆದ ಮೇಲೆ ಕೇಳುವುದು ಹಂಚಿನ ಮೇಲಿನ ಮಳೆ, ಗದ್ದೆಯ ಕಪ್ಪೆ.